ಸೀಟು ಬದಲಾದಾಗ

ಶಾಲೆ ಶುರುವಾಗಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಒಂದು ಸಂಜೆ ಜಗಲಿಯ ಮೇಲೆ ಕುಳಿತು ಪೇಪರು ಓದುತ್ತಿದ್ದೆ. ಮಂಡ್ಯದಿಂದ ಬಸ್ಸಿಳಿದು ಬಂದ ಮೊಮ್ಮಗಳು ಶೂ ಬಿಚ್ಚಿದಳು, ಬ್ಯಾಗನ್ನು ಗೋಡೆಗೆ ಒರಗಿಸಿದಳು, ಕೈಯಲ್ಲಿದ್ದ ಬ್ಯಾಸ್ಕೆಟ್‌ಬಾಲನ್ನು ಅಂಗಳದಲ್ಲೇ ಬಿಟ್ಟು ಒಳಗೆ ಹೋದಳು. ಚೆಂಡು ಉರುಳುತ್ತ ಹೋಗಿ ತೆಂಗಿನ ಮರದ ಬುಡದಲ್ಲಿ ನಿಂತಿತು. ಊಟಕ್ಕೆ ಕೂತಾಗಲೂ ಆ ಚೆಂಡನ್ನು ಪಕ್ಕದಲ್ಲೇ ಇಟ್ಟುಕೊಳ್ಳುವ ಹುಡುಗಿ ಅವಳು. ಏನೋ ಆಗಿದೆ ಅಂದುಕೊಂಡೆ.

'ಯಾಕವ್ವಾ, ಏನಾಯ್ತು?' ಅಂದೆ.

'ತಾತ, ನಾಳೆಯಿಂದ ನಾನು ಪ್ರಾಕ್ಟೀಸಿಗೆ ಹೋಗಲ್ಲ.'

ಅಡುಗೆಮನೆಯಿಂದ ಅವಳ ಅಜ್ಜಿಯ ದನಿ ಬಂತು: 'ಹೋಗದಿದ್ರೆ ಬುಡು ಮಗಾ. ಮುಂದಿನ ವರ್ಸ ಎಸ್ಸೆಸ್ಸೆಲ್ಸಿ, ಕೂತ್ಕೊಂಡು ಓದ್ಕೊಳ್ಳೀವಂತೆ.'

ವಿಷಯ ಇಷ್ಟೇ. ಅವಳೀಗ ಒಂಬತ್ತನೇ ಕ್ಲಾಸು. ಈ ವರ್ಷ ಶಾಲೆಯ ಚಿಕ್ಕವರ ತಂಡದಿಂದ ದೊಡ್ಡವರ ತಂಡಕ್ಕೆ ಬಂದಿದ್ದಾಳೆ. ಬಂದ ಮೊದಲ ವಾರವೇ ಪಿ.ಟಿ. ಮೇಷ್ಟ್ರು ಅವಳ ಜಾಗ ಬದಲಾಯಿಸಿದ್ದಾರೆ. ಅಲ್ಲಿಯವರೆಗೆ ಅವಳು ಸೆಂಟರ್. ಇನ್ನು ಮುಂದೆ ಪಾಯಿಂಟ್ ಗಾರ್ಡ್.

ನನ್ನ ವಯಸ್ಸಿನ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕ್ಕಳು ತಾಳ್ಮೆ ತಂದುಕೊಳ್ಳಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ತಂಡಕ್ಕೆ ಐದು ಜನ. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗು ನೆಲದಿಂದ ಹತ್ತು ಅಡಿ ಎತ್ತರ. ಐದು ಜನರಲ್ಲಿ ಸಾಮಾನ್ಯವಾಗಿ ಎತ್ತರದವರು ಸೆಂಟರ್. ಅವರ ಕೆಲಸ ಹೆಚ್ಚಾಗಿ ರಿಂಗಿನ ಹತ್ತಿರ. ರಿಂಗಿಗೆ ಬೆನ್ನು ಹಾಕಿ ನಿಂತು ಚೆಂಡು ತೆಗೆದುಕೊಳ್ಳುವುದು, ತಿರುಗಿ ಎಸೆಯುವುದು, ಯಾರೋ ಎಸೆದ ಚೆಂಡು ಒಳಗೆ ಹೋಗದೆ ಚಿಮ್ಮಿದರೆ ಜಿಗಿದು ಹಿಡಿಯುವುದು. ಪಾಯಿಂಟ್ ಗಾರ್ಡ್ ಇದಕ್ಕೆ ತೀರಾ ಬೇರೆ. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ತಮ್ಮ ಕಡೆಯಿಂದ ಎದುರಾಳಿಯ ಕಡೆಗೆ ತರುವವರು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವರು, ಯಾರ ಕೈಗೆ ಚೆಂಡು ಕೊಡಬೇಕೆಂದು ನಿರ್ಧರಿಸುವವರು ಅವರೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸೆಂಟರ್ ಒಳಗಿನ ಸೀಟು, ಪಾಯಿಂಟ್ ಗಾರ್ಡ್ ಕೌಂಟರಿನ ಸೀಟು.

ಆರನೇ ಕ್ಲಾಸಿನಿಂದ ಎಂಟನೆಯವರೆಗೆ ನಮ್ಮ ಹುಡುಗಿ ತಂಡದಲ್ಲೇ ಎತ್ತರದವಳು. ರಿಂಗಿನ ಕೆಳಗೆ ನಿಂತರೆ ಸಾಕು, ಚೆಂಡು ಅವಳದೇ. ಈಗ ಅಂಕಣದ ನಡುವೆ ಚೆಂಡು ಹಿಡಿದು ನಿಂತರೆ ಎದುರಿನ ಚುರುಕು ಹುಡುಗಿಯರು ಬಂದು ಕಿತ್ತುಕೊಂಡು ಓಡುತ್ತಾರೆ. ಆ ದಿನದ ಅಭ್ಯಾಸ ಪಂದ್ಯದಲ್ಲಿ ಹತ್ತು ಸಲವಾದರೂ ಹಾಗಾಯಿತಂತೆ. ಬೆಂಚಿನ ಮೇಲೆ ಕೂತ ಯಾರೋ ನಕ್ಕರಂತೆ.

ಆಗ ನಾನೊಂದು ತಪ್ಪು ಮಾಡಿದೆ. ಸಮಾಧಾನ ಮಾಡಲು ಹೋಗಿ, 'ಮೊದಲಿನ ಜಾಗದಲ್ಲಿ ನೀನು ಎಷ್ಟು ಚೆನ್ನಾಗಿ ಆಡ್ತಿದ್ದೆ! ಅಲ್ಲೇ ಇರ್ತೀನಿ ಅಂತ ಮೇಷ್ಟ್ರಿಗೆ ಹೇಳು' ಅಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. 'ಅಂದ್ರೆ ಈ ಜಾಗಕ್ಕೆ ನಾನು ಲಾಯಕ್ಕಿಲ್ಲ ಅಂತ ನೀನೂ ಹೇಳ್ತಿದೀಯಲ್ಲ ತಾತ' ಅಂದು ಎದ್ದು ಹೋದಳು.

ನಾಲ್ಕು ದಿನ ಚೆಂಡು ತೆಂಗಿನ ಬುಡದಲ್ಲೇ ಇತ್ತು.

ಆ ನಾಲ್ಕು ದಿನ ನನಗೆ ನನ್ನದೇ ಹಳೆಯ ಕಥೆ ನೆನಪಾಗುತ್ತಿತ್ತು. ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ ಮೇಲೆ ಏಳು ವರ್ಷ ನಾನು ಉಳಿತಾಯ ಖಾತೆಯ ಲೆಡ್ಜರಿನಲ್ಲಿದ್ದೆ. ಚೆಕ್ಕು ಬಂದರೆ ಸಹಿ ನೋಡುವುದು, ಬಾಕಿ ನೋಡುವುದು, ಬರೆಯುವುದು. ಖಾತೆದಾರರ ಮುಖ ನೋಡಿದರೆ ಪುಟದ ನಂಬರು ನೆನಪಿಗೆ ಬರುತ್ತಿತ್ತು. ಎದುರಿಗೆ ಬಂದವರ ಜೊತೆ ಮಳೆ ಬೆಳೆ ಮಾತಾಡುತ್ತಲೇ ಬರೆಯುತ್ತಿದ್ದೆ, ಒಂದಂಕಿ ತಪ್ಪುತ್ತಿರಲಿಲ್ಲ. ಅದು ನನ್ನ ಹೆಮ್ಮೆ.

1981ರಲ್ಲಿ ನನ್ನನ್ನು ಕ್ಯಾಷಿಗೆ ಹಾಕಿದರು. ಹಿತ್ತಾಳೆ ಟೋಕನ್ ಕೂಗುವುದು, ನೋಟು ಎಣಿಸಿ ಕೊಡುವುದು. ಲೆಡ್ಜರ್ ಬರೆದವನಿಗೆ ಇದೇನು ಮಹಾ ಅಂದುಕೊಂಡೆ. ಮೂರನೇ ದಿನ ಪೇಟೆಗೆ ಬಂದಿದ್ದ ನಮ್ಮೂರಿನವರೊಬ್ಬರು ಕೌಂಟರಿನ ಮುಂದೆ ನಿಂತು, 'ಗದ್ದೆ ನಾಟಿ ಆಯ್ತಾ?' ಅಂದರು. ಎಣಿಸುತ್ತಲೇ ಉತ್ತರ ಹೇಳಿದೆ. ಸಂಜೆ ಲೆಕ್ಕ ಮುಗಿಸಿದಾಗ ಇನ್ನೂರು ರೂಪಾಯಿ ಕಡಿಮೆ. ಕ್ಯಾಷಿನಲ್ಲಿ ಕಡಿಮೆ ಬಂದರೆ ಕೂತವನೇ ತುಂಬಬೇಕು. ಅಂದಿನ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಆ ತಿಂಗಳು ಮನೆಯಲ್ಲಿ ದಿನಸಿ ಸಾಲದಲ್ಲಿ ಬಂತು.

ಮರುದಿನ ಹಳೇ ಲೆಡ್ಜರಿಗೇ ವಾಪಸು ಹಾಕಿ ಅಂತ ಕೇಳಲು ಹೊರಟಿದ್ದೆ. ನಮ್ಮ ಹೆಡ್ ಕ್ಯಾಷಿಯರ್ ಹಿರಿಯರು. ಅವರು ನನ್ನನ್ನು ತಡೆದು ಹೇಳಿದ್ದು ಎರಡೇ ಮಾತು: 'ಎಣಿಸುವಾಗ ಮಾತಾಡಬೇಡ. ಮಾತಾಡುವಾಗ ಎಣಿಸಬೇಡ.' ನನ್ನ ಕೈಗೆ ನೋಟು ಎಣಿಸುವುದು ಬರುತ್ತಿತ್ತು. ಕೈ ಕೆಡಿಸಿದ್ದು ಹಳೆಯ ಸೀಟಿನ ಅಭ್ಯಾಸ. ಲೆಡ್ಜರಿನಲ್ಲಿ ನನ್ನ ಹೆಮ್ಮೆಯಾಗಿದ್ದ ಗುಣವೇ ಕ್ಯಾಷಿನಲ್ಲಿ ನನ್ನ ಜೇಬಿಗೆ ಕತ್ತರಿ ಹಾಕಿತ್ತು.

ಐದನೇ ದಿನ ಬೆಳಿಗ್ಗೆ ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, 'ನೀನೂ ಅತ್ತಿದ್ಯಾ ತಾತ?' ಅಂದಳು. 'ಅತ್ತಿದ್ದೆ, ಆದರೆ ಬಾತ್‌ರೂಮಿನಲ್ಲಿ' ಅಂದೆ. ಮೊದಲ ಬಾರಿಗೆ ನಕ್ಕಳು. ಆ ದಿನ ಅವಳ ಜೊತೆ ನಾನೂ ಬಸ್ಸು ಹತ್ತಿದೆ.

ಮೇಷ್ಟ್ರನ್ನು ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಅಂತ. ಅವರು ಬೇಸರಪಡದೆ ವಿವರಿಸಿದರು. 'ಸಾರ್, ದೊಡ್ಡವರ ತಂಡದಲ್ಲಿ ಇವಳಿಗಿಂತ ಒಂದು ಗೇಣು ಎತ್ತರದವರು ಇಬ್ಬರಿದ್ದಾರೆ. ಸೆಂಟರ್ ಜಾಗದಲ್ಲೇ ಇಟ್ಟರೆ ಇವಳು ಎರಡು ವರ್ಷ ಬೆಂಚು ಕಾಯಬೇಕು. ಇನ್ನೊಂದು ವಿಷಯ. ಚೆಂಡು ಸಿಕ್ಕಿದ ತಕ್ಷಣ ಎಲ್ಲ ಮಕ್ಕಳೂ ರಿಂಗು ನೋಡ್ತಾರೆ. ಇವಳು ಜೊತೆಯವರನ್ನ ನೋಡ್ತಾಳೆ. ಅದನ್ನ ನಾನು ಕಲಿಸೋಕಾಗಲ್ಲ ಸಾರ್. ಮಿಕ್ಕಿದ್ದನ್ನ ಕಲಿಸಬಹುದು.'

ಮಿಕ್ಕಿದ್ದು ಎಷ್ಟಿದೆ ಎಂಬುದು ಅಂಕಣದ ಪಕ್ಕದಲ್ಲಿ ಕೂತು ನೋಡಿದಾಗ ತಿಳಿಯಿತು.

ಮೊದಲನೆಯದು ಚೆಂಡು ಪುಟಿಸುವುದು, ಅಂದರೆ ಡ್ರಿಬಲ್. ಕೈಯಿಂದ ಬಿಟ್ಟ ಚೆಂಡು ನೆಲ ಮುಟ್ಟಿ ಮತ್ತೆ ಕೈಗೆ ಬರುವವರೆಗೆ ಅದು ಯಾರದೂ ಅಲ್ಲ. ಎತ್ತರದವರು ನೆಟ್ಟಗೆ ನಿಂತು ಪುಟಿಸಿದರೆ ಆ 'ಯಾರದೂ ಅಲ್ಲದ' ಹೊತ್ತು ಹೆಚ್ಚು. ಅಷ್ಟರಲ್ಲಿ ಎದುರಿನವರ ಕೈ ಬಂದಿರುತ್ತದೆ. ಅದಕ್ಕೇ ಮಂಡಿ ಬಗ್ಗಿಸಬೇಕು, ಚೆಂಡು ಮಂಡಿಯ ಮಟ್ಟ ದಾಟಬಾರದು, ಅಂಗೈಯಿಂದ ಬಡಿಯದೆ ಬೆರಳುಗಳಿಂದ ಒತ್ತಬೇಕು. ಬಲಗೈಯಷ್ಟೇ ಎಡಗೈಗೂ ಬರಬೇಕು. ಇಷ್ಟೂ ಮಾಡುವಾಗ ಕಣ್ಣು ಚೆಂಡಿನ ಮೇಲಿರಬಾರದು, ಅಂಕಣದ ಮೇಲಿರಬೇಕು. ಮಗ್ಗಿ ಹೇಳುತ್ತಾ ಸೂಜಿಗೆ ದಾರ ಪೋಣಿಸಿದ ಹಾಗೆ!

ಎರಡನೆಯದು ದಿಕ್ಕು. ಇಷ್ಟು ದಿನ ರಿಂಗಿಗೆ ಬೆನ್ನು ಹಾಕಿ ಆಡಿದವಳು ಈಗ ರಿಂಗಿಗೆ ಮುಖ ಮಾಡಿ ಆಡಬೇಕು. ಅದೇ ಅಂಕಣ, ಅದೇ ಗೆರೆಗಳು, ಆದರೆ ಎಲ್ಲವೂ ತಿರುಗಿ ನಿಂತಂತೆ. ನಮ್ಮೂರಿನ ರಸ್ತೆಯಲ್ಲೇ ಹಿಂದಕ್ಕೆ ನಡೆದು ನೋಡಿ, ಗೊತ್ತಾಗುತ್ತದೆ.

ಮೂರನೆಯದು ಗಡಿಯಾರ. ಚೆಂಡು ಸಿಕ್ಕ 8 ಸೆಕೆಂಡಿನೊಳಗೆ ಅದನ್ನು ಅಂಕಣದ ಅರ್ಧ ಗೆರೆ ದಾಟಿಸಬೇಕು. 24 ಸೆಕೆಂಡಿನೊಳಗೆ ತಂಡ ಎಸೆತಕ್ಕೆ ಹೋಗಬೇಕು. ಸೆಂಟರ್ ಆಗಿದ್ದಾಗ ಈ ಲೆಕ್ಕ ಬೇರೆಯವರ ತಲೆನೋವು. ಈಗ ಅದು ಇವಳ ತಲೆಯ ಮೇಲೆ.

ನಾಲ್ಕನೆಯದು, ನನ್ನ ಇನ್ನೂರು ರೂಪಾಯಿಯ ಹಾಗೆ, ಹಳೆಯ ಅಭ್ಯಾಸ. ಯಾರಾದರೂ ಎಸೆದರೆ ಸೆಂಟರ್ ರಿಂಗಿನ ಕಡೆಗೆ ನುಗ್ಗಬೇಕು. ಪಾಯಿಂಟ್ ಗಾರ್ಡ್ ಹೆಚ್ಚಿನ ವೇಳೆ ಹಿಂದಕ್ಕೆ ಓಡಬೇಕು. ಯಾಕೆಂದರೆ ಚೆಂಡು ಎದುರಾಳಿಗೆ ಸಿಕ್ಕರೆ ಅವರು ಮಿಂಚಿನಂತೆ ಈ ಕಡೆಗೆ ಬರುತ್ತಾರೆ, ತಡೆಯಲು ಯಾರಾದರೂ ಇರಬೇಕಲ್ಲ. ನಮ್ಮ ಹುಡುಗಿಯ ಕಾಲು ಮೂರು ವರ್ಷದ ರೂಢಿಯಲ್ಲಿ ಮುಂದಕ್ಕೇ ನುಗ್ಗುತ್ತಿತ್ತು. ಮೇಷ್ಟ್ರು ಕೂಗುವಷ್ಟರಲ್ಲಿ ಎದುರಾಳಿ ಎರಡು ಪಾಯಿಂಟ್ ಮಾಡಿರುತ್ತಿದ್ದರು.

ಐದನೆಯದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ತಂಡದಲ್ಲಿ ಮಿಕ್ಕ ನಾಲ್ವರೂ ಹತ್ತನೇ ಕ್ಲಾಸಿನವರು. ಎಲ್ಲರೂ 'ಅಕ್ಕ'. ಅವರಿಗೆ ಈ ಚಿಕ್ಕವಳು 'ಆ ಕಡೆ ಹೋಗು, ಈ ಕಡೆ ಬಾ' ಅಂತ ಕೂಗಬೇಕು! ಮನೆಯಲ್ಲಿ ನಾವು ಕಲಿಸಿದ ಮರ್ಯಾದೆ ಅಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. 'ಅಕ್ಕಾ, ಸ್ವಲ್ಪ ಎಡಗಡೆ ಬರ್ತೀರಾ' ಅನ್ನುವಷ್ಟರಲ್ಲಿ 24 ಸೆಕೆಂಡು ಮುಗಿದಿರುತ್ತದೆ. ಇದಕ್ಕೆ ದಾರಿ ಹುಡುಕಿದ್ದು ಆ ಅಕ್ಕಂದಿರೇ. ಅಂಕಣದಲ್ಲಿ ಹೆಸರೂ ಬೇಡ, ಅಕ್ಕನೂ ಬೇಡ, ಬನಿಯನ್ನಿನ ನಂಬರು ಕೂಗು ಸಾಕು ಅಂದರು. ಸೀಟಿ ಊದಿ ಆಟ ಮುಗಿದ ಮೇಲೆ ಮತ್ತೆ ಅಕ್ಕ.

ಮಕ್ಕಳಿಗೊಂದು ಸ್ವಾರಸ್ಯದ ವಿಷಯ. ನಮ್ಮ ಹುಡುಗಿಯನ್ನು ಅಳಿಸಿದ ಆ ಡ್ರಿಬಲ್ ಈ ಆಟ ಹುಟ್ಟಿದಾಗ ಇರಲೇ ಇಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು, ಚಳಿಗಾಲದಲ್ಲಿ ಹುಡುಗರನ್ನು ಕಟ್ಟಡದೊಳಗೆ ಆಡಿಸಲು ಇದನ್ನು ಕಂಡುಹಿಡಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದರು. ಅವರು ಬರೆದ 13 ನಿಯಮಗಳ ಪ್ರಕಾರ ಚೆಂಡು ಹಿಡಿದವರು ನಡೆಯುವಂತಿರಲಿಲ್ಲ, ನಿಂತಲ್ಲಿಂದಲೇ ಎಸೆಯಬೇಕಿತ್ತು. ಪುಟಿಸಿಕೊಂಡು ಓಡುವುದನ್ನು ಆಡುವವರೇ ಆಮೇಲೆ ಕಂಡುಕೊಂಡರು. ಅಂದರೆ ಡ್ರಿಬಲ್ ಯಾರಿಗೂ ಹುಟ್ಟಿನಿಂದ ಬಂದದ್ದಲ್ಲ, ಆಟಕ್ಕೇ ಹುಟ್ಟಿನಿಂದ ಬಂದಿರಲಿಲ್ಲ!

ಹೊಸ ಜಾಗದಲ್ಲಿ ನಿಂತವರ ಕಥೆಗಳನ್ನೂ ಅವಳಿಗೆ ಹೇಳಿದೆ. ಅಮೆರಿಕದ ಮ್ಯಾಜಿಕ್ ಜಾನ್ಸನ್ ಪಾಯಿಂಟ್ ಗಾರ್ಡ್ ಆಗಿದ್ದವರು. ದೊಡ್ಡ ಲೀಗಿನಲ್ಲಿ ಅದು ಅವರ ಮೊದಲ ವರ್ಷ, ವಯಸ್ಸು 20. ಫೈನಲ್ ಸರಣಿಯ ನಡುವೆ ತಂಡದ ಸೆಂಟರ್ ಕರೀಮ್ ಅಬ್ದುಲ್ ಜಬ್ಬಾರ್ ಅವರ ಕಾಲು ಉಳುಕಿತು. 1980ರ ಮೇ 16ರಂದು ಜಾನ್ಸನ್ ಸೆಂಟರ್ ಜಾಗದಲ್ಲಿ ನಿಂತು ಆಟ ಶುರುಮಾಡಿದರು. ಆ ರಾತ್ರಿ 42 ಪಾಯಿಂಟ್ ಗಳಿಸಿ ತಂಡವನ್ನು ಗೆಲ್ಲಿಸಿದರು. ಮೊಮ್ಮಗಳು ಕೇಳಿ, 'ಅವ್ರು ಉಲ್ಟಾ ಹೋದ್ರು, ನಾನು ಉಲ್ಟಾದಲ್ಲಿ ಉಲ್ಟಾ' ಅಂದಳು. ನಿಜ. ಅಲ್ಲದೆ ಅದು ಒಂದು ರಾತ್ರಿಯ ಕಥೆ. ಎಲ್ಲರಿಗೂ ಹಾಗೆ ಒಂದೇ ರಾತ್ರಿಗೆ ಒಲಿಯುವುದಿಲ್ಲ.

ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮ ರಾಹುಲ್ ದ್ರಾವಿಡ್ ಕಥೆ. ಆಟ ಬೇರೆಯಾದರೂ ಕಷ್ಟ ಒಂದೇ. ದ್ರಾವಿಡ್ ಹೆಸರಾಗಿದ್ದು ಬ್ಯಾಟಿಂಗಿಗೆ. ಹುಡುಗನಾಗಿದ್ದಾಗ ವಿಕೆಟ್ ಕೀಪಿಂಗ್ ಮಾಡಿದ್ದರು, ಅಷ್ಟೆ. ಒಂದು ದಿನದ ಪಂದ್ಯಗಳಲ್ಲಿ ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಬೇಕಾಯಿತು. ಬೇರೆ ಕೀಪರ್ ಇಟ್ಟರೆ ಆ ಜಾಗ ಹೋಗುತ್ತದೆ. ಗ್ಲೌಸ್ ದ್ರಾವಿಡ್ ಕೈಗೆ ಬಂತು. 50 ಓವರ್ ಅಂದರೆ 300 ಎಸೆತ. ಪ್ರತಿ ಎಸೆತಕ್ಕೂ ಕೂತು ಏಳಬೇಕು, ಆಮೇಲೆ ಬ್ಯಾಟಿಂಗ್ ಕೂಡ ಮಾಡಬೇಕು. 2003ರ ವಿಶ್ವಕಪ್ ಪೂರ್ತಿ ಅವರೇ ಕೀಪರ್, ತಂಡ ಫೈನಲ್ ತಲುಪಿತು. ಒಟ್ಟು 73 ಏಕದಿನ ಪಂದ್ಯಗಳಲ್ಲಿ ಅವರು ಆ ಕೆಲಸ ಮಾಡಿದರು. ಅವರ ಖ್ಯಾತಿ ಮಾತ್ರ ಇವತ್ತಿಗೂ ಬ್ಯಾಟಿನದೇ.

ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಕೂಡ ಹಾಗೆಯೇ. ಮೊದಲು ಆರಂಭದ ಬ್ಯಾಟ್ಸ್‌ಮನ್. ಏಕದಿನದಲ್ಲಿ ಮಧ್ಯದ ಕ್ರಮಾಂಕಕ್ಕೆ ಇಳಿಸಿದರು, ಕೀಪಿಂಗ್ ಕೂಡ ಕೊಟ್ಟರು. 2023ರ ಅಕ್ಟೋಬರ್ 8ರಂದು ಚೆನ್ನೈಯಲ್ಲಿ ಆಸ್ಟ್ರೇಲಿಯಾದ ಇನಿಂಗ್ಸ್ ಪೂರ್ತಿ ಕೀಪಿಂಗ್ ಮಾಡಿ ಒಳಗೆ ಬಂದು ಸ್ನಾನ ಮುಗಿಸಿದ್ದರು ಅಷ್ಟೆ, ಭಾರತ 2 ರನ್ನಿಗೆ 3 ವಿಕೆಟ್ ಕಳೆದುಕೊಂಡಿತು. ಹೊರಗೆ ಬಂದು ಔಟಾಗದೆ 97 ಹೊಡೆದು ಗೆಲ್ಲಿಸಿದರು.

ಇವರಿಬ್ಬರೂ ಹಳೆಯ ಜಾಗದಿಂದ ಏನನ್ನೂ ಒಯ್ಯಲಿಲ್ಲ ಅಂತಲ್ಲ. ಚೆಂಡನ್ನು ಕೊನೆಯವರೆಗೆ ನೋಡುವ ಕಣ್ಣನ್ನು ಒಯ್ದರು. ವಿದ್ಯೆಯನ್ನು ಜೊತೆಗೆ ಒಯ್ಯಬೇಕು, ಅಭ್ಯಾಸವನ್ನು ಬಾಗಿಲಲ್ಲೇ ಬಿಡಬೇಕು. ಯಾವುದು ವಿದ್ಯೆ, ಯಾವುದು ಅಭ್ಯಾಸ ಎಂದು ತಿಳಿಯುವುದಕ್ಕೇ ಕೆಲವು ತಿಂಗಳು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಮಕ್ಕಳು ಹಿಂದಿನದಕ್ಕಿಂತ ಕೆಟ್ಟದಾಗಿಯೇ ಆಡುತ್ತಾರೆ. ಹಿರಿಯರಾದ ನಾವು ನೋಡಿ ಸುಮ್ಮನಿರುವುದನ್ನು ಕಲಿಯಬೇಕಾದ ಕಾಲ ಅದು.

ಸುಮ್ಮನಿರುವುದು ನನ್ನ ಕೈಲಾಗದು. ಅದಕ್ಕೆ ಒಂದು ನೋಟ್‌ಬುಕ್ ಹಿಡಿದೆ. ಪ್ರತಿ ಶನಿವಾರದ ಅಭ್ಯಾಸ ಪಂದ್ಯಕ್ಕೆ ಹೋಗಿ ಜಮಾ ಖರ್ಚು ಬರೆದೆ. ಅವಳು ಚೆಂಡು ಕಳೆದುಕೊಂಡರೆ ಖರ್ಚು. ಅವಳು ಕೊಟ್ಟ ಚೆಂಡಿನಿಂದ ಜೊತೆಯವರು ಬುಟ್ಟಿಗೆ ಹಾಕಿದರೆ ಜಮಾ. ಅವಳೇ ಗಳಿಸಿದ ಪಾಯಿಂಟ್ ಬರೆಯಲಿಲ್ಲ, ಅದು ಹಳೆಯ ಸೀಟಿನ ಲೆಕ್ಕ. ಮೊದಲ ಶನಿವಾರ ಖರ್ಚು 11, ಜಮಾ 1. ಎರಡನೆಯದು 12, 2. ಅಂದು ಪುಸ್ತಕ ಮುಚ್ಚಿಬಿಡೋಣ ಅನ್ನಿಸಿತು. ಮೂರನೆಯದು 8, 4. ನಾಲ್ಕನೆಯದು 9, 3. ಐದನೆಯದು 6, 5. ಬ್ಯಾಂಕಿನಲ್ಲಿ ಇಂಥ ಖಾತೆ ಕಂಡರೆ 'ಸುಧಾರಿಸುತ್ತಿದೆ' ಅನ್ನುತ್ತಿದ್ದೆವು.

ಮನೆಯಲ್ಲೂ ಕೆಲಸ ನಡೆದಿತ್ತು. ಸಂಜೆ ಡೈರಿಗೆ ಹಾಲು ಹಾಕಲು ಹೋಗುವುದು ಅವಳ ಪಾಲಿನ ಕೆಲಸ. ಬಲಗೈಯಲ್ಲಿ ಕ್ಯಾನು, ಎಡಗೈಯಲ್ಲಿ ಡ್ರಿಬಲ್ ಮಾಡಿಕೊಂಡು ಹೋಗುತ್ತೇನೆ ಅಂದಳು. ಅವಳ ಅಜ್ಜಿ, 'ಹೋಗುವಾಗ ಬ್ಯಾಡ, ಬರುವಾಗ ಖಾಲಿ ಕ್ಯಾನು ಹಿಡ್ಕೊಂಡು ಏನಾದ್ರೂ ಮಾಡ್ಕೊ' ಅಂದಳು. ಹಾಗೇ ಆಯಿತು. ಕಾಂಕ್ರೀಟು ರಸ್ತೆಯ ಮೇಲೆ ಟಪ್ ಟಪ್ ಸದ್ದು ಕೇಳಿದರೆ ಬೀದಿಯವರಿಗೆಲ್ಲ ಡೈರಿ ಮುಗಿಯಿತು ಅಂತ ಗೊತ್ತಾಗುತ್ತಿತ್ತು. ಕಬ್ಬಿನ ಗಾಡಿಗಳ ಹೊತ್ತಿನಲ್ಲಿ ರಸ್ತೆಗೆ ಇಳಿಯಬಾರದೆಂಬ ಕಟ್ಟಪ್ಪಣೆ ಮಾತ್ರ ನನ್ನದು.

ಹೋದ ವಾರ ಪಂದ್ಯ ನಡೆಯಿತು. ನಮ್ಮ ಹುಡುಗಿಯ ತಂಡ ಐದು ಪಾಯಿಂಟಿನಿಂದ ಸೋತಿತು. ಖರ್ಚು 7, ಜಮಾ 4. ನಾನು ನೆನಪಿಟ್ಟುಕೊಂಡದ್ದು ಬೇರೆ ಒಂದು ಗಳಿಗೆ. ಕೊನೆಯ ಭಾಗದಲ್ಲಿ ನಮ್ಮವರು ಎಸೆದ ಚೆಂಡು ರಿಂಗಿಗೆ ಬಡಿದು ಚಿಮ್ಮಿತು. ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲೇ ನಿಂತಿತು. ತಿರುಗಿ ಹಿಂದಕ್ಕೆ ಓಡಿದಳು. ಚೆಂಡು ಹಿಡಿದು ಓಡಿಬಂದ ಎದುರಾಳಿ ಹುಡುಗಿಯ ಮುಂದೆ ಮಂಡಿ ಬಗ್ಗಿಸಿ ನಿಂತಳು. ಆ ಹುಡುಗಿ ಎಸೆದದ್ದು ಒಳಗೆ ಹೋಗಲಿಲ್ಲ. ಚಪ್ಪಾಳೆ ಹೊಡೆದದ್ದು ಮೇಷ್ಟ್ರು ಮತ್ತು ನಾನು, ಇಬ್ಬರೇ.

ಬಸ್ಸಿನಲ್ಲಿ ಬರುವಾಗ ಅವಳು ನೋಟ್‌ಬುಕ್ ಕೇಳಿ ಪಡೆದು ತಿರುವಿ ನೋಡಿದಳು. 'ತಾತ, ಇದನ್ನ ಬರ್ದಿಲ್ವಲ್ಲ' ಅಂದಳು. ಯಾವುದು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೆನ್ನು ಕೊಟ್ಟೆ. ಅವಳೇ ಜಮಾ ಕಡೆ ಒಂದು ಗೆರೆ ಎಳೆದಳು.

ಮಕ್ಕಳೇ, ಈ ವಾರ ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: ಗೊತ್ತಿದ್ದ ಕೆಲಸ ಬಿಟ್ಟು ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದಾಗ ಅವರಿಗೆ ಮೊದಲು ಏನು ಕೆಟ್ಟಿತು? ಹೊಸ ಸೊಸೆಯಾಗಿ ಬಂದ ಮನೆಯ ಮೊದಲ ಅಡುಗೆಯಿರಬಹುದು, ಮೊದಲ ಸಲ ಹಿಡಿದ ನೇಗಿಲಿರಬಹುದು. ಕೇಳಿ ನಗಿ, ಅವರೂ ನಗುತ್ತಾರೆ. ಹಿರಿಯರೇ, ಮಕ್ಕಳು ಹೊಸ ಜಾಗದಲ್ಲಿ ತಡವರಿಸುವಾಗ 'ಮೊದಲು ಎಷ್ಟು ಚೆನ್ನಾಗಿದ್ದೆ' ಎಂಬ ಮಾತನ್ನು ಮಾತ್ರ ಆಡಬೇಡಿ. ಆ ಮಾತಿಗೆ ನಮ್ಮ ಮನೆಯಲ್ಲಿ ನಾಲ್ಕು ದಿನ ಚೆಂಡು ತೆಂಗಿನ ಬುಡದಲ್ಲಿ ಬಿದ್ದಿತ್ತು.

ಮುಂದಿನ ವಾರ ಸಿಗೋಣ.